ಎದುರಂಗಡಿಯವರ ಸಣ್ಣ ಬ್ಯಾಗು

ವ್ಯಾಪಾರಕ್ಕೆಂದು ಊರೂರು ತಿರುಗುವವನು ಜನರ ಬಾಯಿಗೆ ಬೀಳಲು ದೊಡ್ಡ ತಪ್ಪೇನೂ ಮಾಡಬೇಕಿಲ್ಲ, ಲಗೇಜು ಇದ್ದರೆ ಸಾಕು. ಕೊಪ್ಪದಲ್ಲಿ ನನ್ನದು ಪಾತ್ರೆ ಅಂಗಡಿ, ಮನೆಯೂ ಅದಕ್ಕೇ ತಾಗಿದ್ದು. ಎದುರಿಗಿರುವುದು ಬಟ್ಟೆ ಅಂಗಡಿ. ಇಬ್ಬರೂ ಮಾಲಿಗಾಗಿ ಬೆಂಗಳೂರು, ಕೊಯಮತ್ತೂರು ಅಂತ ಅಲೆಯುವವರೇ. ಅವರಿಗೆ ನನಗಿಂತ ಹೆಚ್ಚು ವ್ಯಾಪಾರವಾದರೂ ಸಹಿಸಿಕೊಂಡೇನು. ಆದರೆ ಎಷ್ಟು ದೂರ ಹೋದರೂ ಅವರ ಹೆಗಲಲ್ಲಿ ಒಂದು ಸಣ್ಣ ಬ್ಯಾಗು ಮಾತ್ರ. ಅದನ್ನು ನೋಡಿದರೆ ನನಗೆ ಉರಿಯುತ್ತದೆ.

ಕಿಚ್ಚು ಹತ್ತಿದ್ದು

ಶಿವಮೊಗ್ಗದಲ್ಲಿ ರೈಲು ಹಿಡಿಯಬೇಕಿತ್ತು. ನರಸಿಂಹರಾಜಪುರದ ಮೇಲೆ ಅಲ್ಲಿಗೆ ಹೋಗುವ ಬಸ್ಸಿಗೆ ದೊಡ್ಡ ಬ್ಯಾಗು, ಕೈಚೀಲ, ಛತ್ರಿ ಎಲ್ಲ ಹತ್ತಿಸುತ್ತಿದ್ದಾಗ ಕಂಡಕ್ಟರ್ ಕೇಳಿದ, "ಯಜಮಾನ್ರೇ, ಮನೆ ಖಾಲಿ ಮಾಡಿದ್ರಾ?"

ಬಸ್ಸಿಡೀ ನಕ್ಕಿತು. ಹೋಗಲಿ ಬಿಡಿ. ವಾಪಸು ಬಂದು ಮನೆಯಲ್ಲಿ ಹೇಳಿಕೊಂಡರೆ ಹೆಂಡತಿಯೂ ಕಂಡಕ್ಟರನ ಕಡೆಯೇ. "ಎದುರಂಗಡಿಯವರನ್ನ ನೋಡಿ. ಎಷ್ಟು ಅಚ್ಚುಕಟ್ಟು! ಬೆಂಗಳೂರಿಗೆ ಹೋಗಿ ಬಂದ್ರೂ ತರಕಾರಿ ತಗೊಂಡು ಬಂದವರ ಹಾಗೆ ಕಾಣ್ತಾರೆ."

ಇವಳ ಬಾಯಿಂದ ಆ 'ಅಚ್ಚುಕಟ್ಟು' ಎಂಬ ಮಾತನ್ನು ಒಂದು ಸಲವಾದರೂ ನಾನೂ ಹೇಳಿಸಿಕೊಳ್ಳಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಇಂಬಳದ ಗಂಟು

ಬ್ಯಾಗನ್ನು ಜಗಲಿಯ ಮೇಲೆ ಸುರಿದೆ. ಮೂರು ಟಾರ್ಚು, ಲಾಡ್ಜುಗಳ ಸಣ್ಣ ಸಣ್ಣ ಸೋಪು, ಯಾವ ಫೋನಿಗೂ ಹೊಂದದ ಚಾರ್ಜರು. ಎಲ್ಲ ಬೇಡದ ರಾಶಿಗೆ ಹೋಯಿತು. ಒಂದು ಪುಟ್ಟ ಗಂಟನ್ನು ಮಾತ್ರ ಜೋಪಾನವಾಗಿ ಪಕ್ಕಕ್ಕಿಟ್ಟೆ.

"ಅದೆಂತದು?" ಎಂದಳು ಹೆಂಡತಿ.

"ಹೊಗೆಸೊಪ್ಪು, ಸುಣ್ಣ. ಕಾಡಲ್ಲಿ ಇಂಬಳ ಕಚ್ಚಿ ರಕ್ತ ಹೀರಿದ್ರೆ ಮುಟ್ಟಿಸೋಕೆ."

"ಕೊಯಮತ್ತೂರಿನ ಪಾತ್ರೆ ಫ್ಯಾಕ್ಟರಿಯಲ್ಲಿ ಇಂಬಳ ಉಂಟಾ?"

ಇಲ್ಲ ಎಂದು ಒಪ್ಪಿಕೊಳ್ಳಬಹುದಿತ್ತು. "ಇಷ್ಟು ವರ್ಷದಲ್ಲಿ ಅಲ್ಲಿ ಒಂದಾದ್ರೂ ಕಚ್ಚಿದ್ಯಾ? ಅದು ಈ ಗಂಟಿನ ಮಹಿಮೆ" ಎಂದೆ.

ಡಬ್ಬಿಯ ವ್ಯವಸ್ಥೆ

ಉಳಿದದ್ದನ್ನು ಒಪ್ಪವಾಗಿ ಜೋಡಿಸಬೇಕಲ್ಲ, ನನ್ನದೇ ಅಂಗಡಿಯ ಸ್ಟೀಲ್ ಡಬ್ಬಿಗಳನ್ನು ತಂದೆ. ಪೇಸ್ಟಿಗೆ ಒಂದು, ಮಾತ್ರೆಗೆ ಒಂದು, ಸಾಕ್ಸಿಗೆ ಒಂದು. ಬ್ಯಾಗು ಮೊದಲಿಗಿಂತ ಭಾರವಾಯಿತು. ಮುಂದಿನ ಸಲ ಶೃಂಗೇರಿಯ ಬಸ್ಸಿನಲ್ಲಿ ತಿರುವು ಬಂದಾಗಲೆಲ್ಲ ಒಳಗೆ ಜಾಗಟೆ ಬಾರಿಸಿದಂತೆ ಸದ್ದು.

ಪಕ್ಕದ ಸೀಟಿನಲ್ಲಿದ್ದ ಕಿಗ್ಗದ ಹೆಂಗಸು ತಡೆಯಲಾರದೆ ಕೇಳಿದರು, "ಪಾತ್ರೆ ವ್ಯಾಪಾರವಾ? ಸಾಸಿವೆ ಹಾಕೋಕೆ ಡಬ್ಬಿ ಉಂಟಾ?"

ಗಿರಾಕಿಯನ್ನು ಬರಿಗೈಲಿ ಕಳಿಸಿ ನನಗೆ ಅಭ್ಯಾಸವಿಲ್ಲ. ಸಾಕ್ಸನ್ನು ಜೇಬಿಗೆ ಹಾಕಿಕೊಂಡು ಡಬ್ಬಿ ಮಾರಿದೆ.

ಎರಡು ಭರಣಿ

ನಮ್ಮ ಕಡೆ ಯಾರಾದರೂ ಬೆಂಗಳೂರಿಗೆ ಹೊರಟರೆ ಊರವರ ಹಪ್ಪಳ, ಉಪ್ಪಿನಕಾಯಿಯೂ ಅವರ ಜೊತೆ ಹೊರಡುತ್ತವೆ. ಮೇಗುಂದದ ಅತ್ತಿಗೆಯೊಬ್ಬರು ಮಗಳಿಗೆ ಮಿಡಿ ಉಪ್ಪಿನಕಾಯಿ ಕಳಿಸಬೇಕೆಂದು ಬಂದಾಗಲೆಲ್ಲ ಎದುರಂಗಡಿಯವರು ತಮ್ಮ ಸಣ್ಣ ಬ್ಯಾಗು ತೋರಿಸಿ, "ಇದರಲ್ಲಿ ಎಲ್ಲಿಡ್ಲಿ ಹೇಳಿ? ಪಾತ್ರೆಯವರದ್ದು ದೊಡ್ಡ ಬ್ಯಾಗು, ದೊಡ್ಡ ಮನಸ್ಸು" ಎಂದು ನನ್ನತ್ತ ಸಾಗಹಾಕುತ್ತಿದ್ದರು.

ಈ ಸಲ ನಾನೂ ಸಣ್ಣ ಬ್ಯಾಗು ಕೊಂಡೆ. ಅವರದಕ್ಕಿಂತ ಒಂದು ಗೇಣು ಸಣ್ಣದೇ. ಹೊರಡುವ ದಿನ ಅತ್ತಿಗೆ ಬಂದರು. ಬ್ಯಾಗು ಎತ್ತಿ ತೋರಿಸಿದೆ.

"ಒಳ್ಳೇದೇ ಆಯ್ತು ಮಾರಾಯ್ರೆ, ಎರಡೂ ಕೈ ಖಾಲಿ ಉಂಟಲ್ಲ" ಎಂದವರೇ ಟವೆಲು ಸುತ್ತಿದ ಎರಡು ಭರಣಿಗಳನ್ನು ಕೈಗೊಂದರಂತೆ ಕೊಟ್ಟರು.

ಒಂದೇ ರೂಮು

ಆ ಸಲ ಬೆಂಗಳೂರಿಗೆ ಹೊರಟದ್ದು ನಮಗಿಬ್ಬರಿಗೂ ಬೇಕಾದವರ ಮನೆಯ ಮದುವೆಗೆ. ಎದುರಂಗಡಿಯವರೊಂದಿಗೆ ನಾನು ಜೊತೆಯಾಗಿ ಹೋದದ್ದು ಅದೇ ಮೊದಲು. ಲಾಡ್ಜಿನಲ್ಲಿ ಒಂದೇ ರೂಮು ಹಿಡಿದೆವು. ನನ್ನ ಬ್ಯಾಗನ್ನು ಬೇಕೆಂದೇ ಅವರ ಬ್ಯಾಗಿನ ಪಕ್ಕದಲ್ಲಿಟ್ಟೆ.

ಅವರು ಆಚೀಚೆ ನೋಡಿದರು. "ಉಳಿದ ಲಗೇಜು ಎಲ್ಲಿ?"

"ಇಷ್ಟೇ!" ಎಂದೆ. ಆ ಎರಡಕ್ಷರಕ್ಕಾಗಿ ಎಷ್ಟು ಕಾದಿದ್ದೆ!

"ಟವೆಲು?"

"ತಂದಿಲ್ಲ."

"ಸೋಪು, ಪೇಸ್ಟು?"

"ಅವೂ ಇಲ್ಲ. ನಿಮ್ಮ ಹಾಗೇ."

ಅವರು ಮಂಚದ ಮೇಲೆ ಕುಸಿದು ಕೂತರು. "ನಾನು ಯಾವಾಗ್ಲೂ ಜೊತೆಗಿದ್ದವರದ್ದೇ ಇಸ್ಕೊಳ್ಳೋದು ಮಾರಾಯ್ರೆ! ಈ ಸಲ ನೀವು ಜೊತೆಗಿದ್ದೀರಿ ಅಂತ ಬಾಚಣಿಗೆಯನ್ನೂ ಮನೇಲೇ ಬಿಟ್ಟು ಬಂದೆ."

ಲಾಡ್ಜು ಅಗ್ಗದ್ದು, ಅಲ್ಲಿ ನೀರು ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ. ಮುಹೂರ್ತ ಹತ್ತಿರವಾಗಿತ್ತು. ಕೊನೆಗೆ ಇಬ್ಬರೂ ಮೈ ಒರೆಸಿಕೊಂಡದ್ದು ಭರಣಿಗೆ ಸುತ್ತಿದ್ದ ಟವೆಲುಗಳಲ್ಲಿ. ದಾರಿಯಲ್ಲಿ ಉಪ್ಪಿನಕಾಯಿಯ ರಸ ಸೋರಿದ್ದು ಗೊತ್ತಾಗುವ ಹೊತ್ತಿಗೆ ಬೆನ್ನು ಉರಿಯುತ್ತಿತ್ತು. ಮಂಟಪದಲ್ಲಿ ನಮ್ಮ ಹಿಂದೆ ಕೂತವರೊಬ್ಬರು ಮೂಗರಳಿಸಿ, "ಎಲೆ ಹಾಕಿದ್ರು ಅಂತ ಕಾಣತ್ತೆ, ಏಳಿ" ಎಂದು ಊಟದ ಹಾಲಿಗೆ ಎದ್ದುಹೋದರು.

ಹಾಗಾದರೂ ಗುಟ್ಟು ಸಿಕ್ಕಿತಲ್ಲ ಎಂದು ಖುಷಿಯಿಂದ ಕೊಪ್ಪಕ್ಕೆ ಬಂದೆ. ಭರಣಿಗಳು ಅತ್ತಿಗೆಯ ಮಗಳ ಮನೆ ಸೇರಿದ್ದವು. ಹೆಗಲಲ್ಲಿ ಸಣ್ಣ ಬ್ಯಾಗು, ಎರಡೂ ಕೈ ಖಾಲಿ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಈಗ 'ಅಚ್ಚುಕಟ್ಟು' ಎನ್ನುತ್ತಾಳೆ ಎಂದು ಮೆಟ್ಟಿಲ ಮೇಲೆ ತುಸು ಹೊತ್ತು ನಿಂತೆ.

ಅವಳ ಕಣ್ಣು ನನ್ನ ಹಿಂದೆ ರಸ್ತೆಯಾಚೆಗಿತ್ತು. ಎದುರಂಗಡಿಯವರು ಆಟೋದಿಂದ ಇಷ್ಟು ದೊಡ್ಡ ಹೊಸ ಬ್ಯಾಗು ಇಳಿಸುತ್ತಿದ್ದರು. ಇನ್ನು ಯಾರನ್ನೂ ನಂಬುವುದಿಲ್ಲವೆಂದು ಟವೆಲು, ಸೋಪು, ಬಕೆಟ್ಟು, ಮಗ್ಗು ಸಮೇತ ಬೆಂಗಳೂರಿನಲ್ಲೇ ಕೊಂಡ ಲಗೇಜು ಅದು.

"ನೋಡಿ ಅವರನ್ನ," ಎಂದಳು ನನ್ನಾಕೆ, "ಹೆಂಡತಿಗೆ ಅಂತ ಎಷ್ಟೆಲ್ಲ ತಂದಿದ್ದಾರೆ! ನೀವೂ ಇದ್ದೀರಿ, ಕೈ ಬೀಸ್ಕೊಂಡು ಬಂದ್ರಿ."