ತಂಗಿಯ ಬೆರಳು ಮತ್ತು ಮಸ್ಕತ್ತಿನ ಕ್ಯಾಸೆಟ್ಟು

ಕಳೆದ ವರ್ಷದ ಶ್ರಾವಣದಲ್ಲಿ ನಡೆದದ್ದು.

ನಮ್ಮ ಮನೆತನದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ತಡೆಯಲು ನಾನು ಪ್ರಯತ್ನಿಸಿದ್ದೇನೆ. ಪ್ರಯೋಜನವಾಗಿಲ್ಲ.

ಕೋತಿ

ನನ್ನ ತಂಗಿ ಇರುವುದು ಇಳಕಲ್ಲಿನಲ್ಲಿ. ಅವಳ ಗಂಡನದು ಸೀರೆಯ ಅಂಗಡಿ. ಮನೆಯ ಹಿಂದೆ ಮಗ್ಗ, ಅದಕ್ಕೊಬ್ಬ ನೇಕಾರ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸ ತಂಗಿಯದು. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಒಂದಕ್ಕೊಂದು ಕೂಡಿದರೆ ಮಾತ್ರ ಸಾಧ್ಯವಾಗುವ ಕೆಲಸ ಅದು. ಅದನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ.

ಬಾದಾಮಿಯ ಗುಹೆಗಳ ಮೆಟ್ಟಿಲಿನ ಮೇಲೆ ಒಂದು ಕೋತಿ ಅವಳ ಕೈಚೀಲವನ್ನು ಹಿಡಿಯಿತು. ವಿವೇಕವುಳ್ಳವರು ಚೀಲವನ್ನು ಬಿಡುತ್ತಾರೆ. ಅವಳು ಬಿಡಲಿಲ್ಲ. ಕೋತಿ ಬಿಟ್ಟಿತು. ಅವಳು ಬಿದ್ದಳು. ಬಲಗೈ ಮುರಿಯಿತು.

ಸುದ್ದಿ ತಿಳಿದು ಇಳಕಲ್ಲಿಗೆ ಬಂದು ಉಳಿದುಕೊಂಡ ನಾನು, ಪ್ಲಾಸ್ಟರು ಹಾಕಿಸಿಕೊಂಡು ಕುಳಿತವಳನ್ನು, ಚೀಲದಲ್ಲಿ ಅಂಥದ್ದೇನಿತ್ತು ಎಂದು ಕೇಳಿದೆ.

"ಏನೂ ಇದ್ದಿದ್ದಿಲ್ಲಕ್ಕಾ. ಖಾಲಿ ಇತ್ತು."

"ಖಾಲಿ ಚೀಲಕ್ಕಾಗಿ ಜಗ್ಗಾಡಿದೆಯಾ?"

"ಚೀಲದ ಮಾತಲ್ಲಕ್ಕಾ. ಅದು ನನ್ನ ಮಾರಿ ನೋಡಿ ಹಲ್ಲ ಕಿಸೀತು."

ಚೆಂಡು

ಪ್ಲಾಸ್ಟರು ತೆಗೆದ ಮೇಲೆ ಬೆರಳುಗಳು ಮರದ ಚಮಚಗಳಂತೆ ನೆಟ್ಟಗೆ ನಿಂತವು. ಹುನಗುಂದದಿಂದ ಫಿಜಿಯೋಥೆರಪಿಯ ಹೆಣ್ಣುಮಗಳೊಬ್ಬಳು ವಾರವಾರವೂ ಬರತೊಡಗಿದಳು. ಹಿಸುಕಲೆಂದು ಹಳದಿ ಬಣ್ಣದ ರಬ್ಬರ್ ಚೆಂಡೊಂದನ್ನು ಕೊಟ್ಟಳು.

ತಂಗಿ ಅದನ್ನು ದುರುಗುಟ್ಟಿ ನೋಡಿದಳು. "ನಾ ಏನ್ ನಾಯಿಮರಿ ಏನವ್ವಾ? ಚೆಂಡ್ ಕೊಟ್ಟ ಹೊಂಟಿ?"

"ಕಾಕೂ, ಈಗ ಬೆರಳ ಆಡಿಸಲಿಲ್ಲಂದ್ರ ಹಿಂಗ ಕುಂತ ಬಿಡ್ತಾವ್ರಿ. ಆಮ್ಯಾಲೆ ಸೆರಗ ಜೋಡಿಸೂದು ಮರತ ಬಿಡ್ರಿ."

ತಂಗಿಯ ಮುಖ ಸಣ್ಣದಾಯಿತು. ಆದರೂ ಚೆಂಡನ್ನು ಮುಟ್ಟಲಿಲ್ಲ. "ಆಡೂದ ಆದ್ರ ಆ ಹಳೇ ಆಟ ಆಡ್ತೇನಿ," ಅಂದಳು.

ಆ ಹಳೆಯ ಆಟದ ವಿಷಯ ಹೀಗಿದೆ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ, ಗಂಡನ ಸೋದರಮಾವ ಮಸ್ಕತ್ತಿನಿಂದ ಟಿವಿಗೆ ಜೋಡಿಸಿ ಆಡುವ ಯಂತ್ರವೊಂದನ್ನು, ಅದರಲ್ಲಿ ಸಿಕ್ಕಿಸುವ ಆಟದ ಕ್ಯಾಸೆಟ್ಟಿನ ಸಮೇತ, ತಂದಿದ್ದರು. ಗಿಡ್ಡನೆಯ ವೀರನೊಬ್ಬ ಹೊಂಡಗಳನ್ನು ಹಾರಿ, ಪ್ರಾಣಿಗಳನ್ನು ತುಳಿದು, ಕೊನೆಯ ಕೋಟೆ ತಲುಪಬೇಕು. ಯಂತ್ರದ ವೈರುಗಳನ್ನು ಇಲಿಗಳು ಎಂದೋ ತಿಂದು ಮುಗಿಸಿದ್ದವು.

ಅವಳ ಗಂಡ ಮೊಬೈಲಿನಲ್ಲಿ ಹುಡುಕಿ ಸುದ್ದಿ ತಂದ. ಯಾರೋ ಉತ್ಸಾಹಿಗಳು ಆ ಆಟವನ್ನು ಈಗಿನ ಕಂಪ್ಯೂಟರಿನಲ್ಲಿ, ಯಂತ್ರದ ಹಂಗಿಲ್ಲದೆ, ನೇರವಾಗಿ ಓಡುವಂತೆ ಮತ್ತೆ ಕಟ್ಟಿದ್ದಾರಂತೆ. ಆಟ ಮಾಡಿದ ಕಂಪನಿಯ ಒಪ್ಪಿಗೆ ಇಲ್ಲವಂತೆ.

ಒಪ್ಪಿಗೆ ಇಲ್ಲದ ಕೆಲಸಗಳು ನನಗೆ ಒಪ್ಪಿಗೆಯಿಲ್ಲವೆಂದೆ.

"ಹಂಗಲ್ರಿ ಅಕ್ಕಾರ. ಅವರು ಬರೇ ಆಟ ಓಡಸೂ ಎಂಜಿನ್ ಕೊಡ್ತಾರ್ರಿ. ಚಿತ್ರ, ಸಂಗೀತ ಎಲ್ಲಾ ನಮ್ಮ ಸ್ವಂತ ಕ್ಯಾಸೆಟ್ಟಿನಿಂದನ ತಗೋಬೇಕು. ಕದ್ದದ್ದು ನಡಿಯೂದಿಲ್ಲ. ನಮ್ಮ ಕಡೆ ಅಸಲಿ ಕ್ಯಾಸೆಟ್ ಐತಲ್ರಿ!"

"ಎಲ್ಲಿದೆ?" ಎಂದೆ.

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಗಂಡನ ಮುಖ ನೋಡಿದಳು.

ಮಗ್ಗದ ಕಾಲು

ಅಟ್ಟ, ಕಪಾಟು, ಜೋಳದ ಡಬ್ಬಿ ಎಲ್ಲವನ್ನೂ ಹುಡುಕಿದ ಮೇಲೆ ಹಿಂದಿನಿಂದ ನೇಕಾರನ ದನಿ ಕೇಳಿಸಿತು.

"ಕರೇದು, ಚೌಕ ಇರೋದೇನ್ರಿ? ಅದು ಮಗ್ಗದ ಕಾಲಿನ ಬುಡಕ್ಕ ಐತ್ರಿ. ತೆಗೀಬ್ಯಾಡ್ರಿ ಮತ್ತ. ತೆಗೆದ್ರ ಮಗ್ಗ ಡೊಂಕಾಗ್ತೈತಿ."

ಮಗ್ಗದ ಮನೆಯ ನೆಲ ಆ ಮೂಲೆಯಲ್ಲಿ ತಗ್ಗು. ಮಗ್ಗ ಅಲುಗಾಡದಂತೆ ಯಾರೋ ಯಾವಾಗಲೋ ಆ ಕ್ಯಾಸೆಟ್ಟನ್ನು ಕಾಲಿನ ಕೆಳಗೆ ತುರುಕಿದ್ದರು. ಮನೆಯವರೆಲ್ಲರ ಸೀರೆಗಳು ಅದರ ಮೇಲೆಯೇ ತಯಾರಾಗಿದ್ದವು. ತಂಗಿಯ ಗಂಡ ಬದಲಿ ಹುಡುಕಿದ. ಇಟ್ಟಿಗೆ ದಪ್ಪವಾಯಿತು. ಹಲಗೆಯ ಚೂರು ತೆಳುವಾಯಿತು. ಕೊನೆಗೆ ತಂಗಿ ಒಳಗಿನಿಂದ ಒಂದು ಪುಸ್ತಕ ತಂದಳು. ಕಾನ್ವೆಂಟಿನಲ್ಲಿ ಸನ್ನಡತೆಗಾಗಿ ಸಿಸ್ಟರುಗಳು ನನಗೆ ಕೊಟ್ಟಿದ್ದ ಬಹುಮಾನ ಅದು. ತಂಗಿಯ ಮದುವೆಯಲ್ಲಿ ನಾನೇ ಅವಳಿಗೆ ಉಡುಗೊರೆಯಾಗಿ ಕೊಟ್ಟಿದ್ದೆ, ಓದಲೆಂದು.

ಅದು ಅಳತೆ ತೆಗೆದು ಮಾಡಿಸಿದಂತೆ ಕುಳಿತಿತು. ನೇಕಾರ ಮಗ್ಗವನ್ನು ಅಲುಗಾಡಿಸಿ ನೋಡಿ ಸಂತೋಷಪಟ್ಟ.

"ಭಾಳ ಗಟ್ಟಿ ಪುಸ್ತಕ ಐತ್ರಿ ಅಕ್ಕಾರ. ಇಷ್ಟ ವರ್ಷ ಆದ್ರೂ ಒಬ್ಬರೂ ತೆರೆದು ನೋಡಿಲ್ಲ. ಹಂಗಾಗಿ ಉಳದೈತಿ."

ಊದುವ ವಿದ್ಯೆ

ಕ್ಯಾಸೆಟ್ಟಿನೊಳಗಿನದನ್ನು ಕಂಪ್ಯೂಟರಿಗೆ ಇಳಿಸಲು ಒಂದು ಪುಟ್ಟ ಸಾಧನವನ್ನು ಪೋಸ್ಟಿನಲ್ಲಿ ತರಿಸಲಾಯಿತು. ಕ್ಯಾಸೆಟ್ಟನ್ನು ಅದರಲ್ಲಿ ಸಿಕ್ಕಿಸಿದರು. ಕ್ಯಾಸೆಟ್ಟೇ ಇಲ್ಲವೆಂದು ಕಂಪ್ಯೂಟರು ಹೇಳಿತು.

"ಊದಬೇಕ್ರಿ," ಎಂದ ತಂಗಿಯ ಗಂಡ. ಆ ಕಾಲದಲ್ಲಿ ಕ್ಯಾಸೆಟ್ಟು ನಡೆಯದಿದ್ದರೆ ಬಾಯಿಂದ ಊದುವುದೇ ಪರಿಹಾರವಾಗಿತ್ತು. ಬಾಯಲ್ಲಿದ್ದ ಎಲೆ ಅಡಿಕೆಯ ಸಮೇತ ಊದಿದ. ಕ್ಯಾಸೆಟ್ಟು ಕೆಂಪಾಯಿತು.

"ನಿಮ್ಮ ಊದು ಆವಾಗೂ ನಡೀತಿದ್ದಿಲ್ಲ," ಎಂದು ತಂಗಿ ಕಸಿದುಕೊಂಡು ಊದಿದಳು. ಆಗಲಿಲ್ಲ. ನೇಕಾರ ಬಂದು, ಮಗ್ಗದ ಕೆಳಗಿನ ನೂಲಿನ ಧೂಳು ತನಗೇ ಗೊತ್ತೆಂದು ಊದಿದ. ಕೆಮ್ಮು ಬಂತು; ಅವನಿಗೆ. ಆಚೆ ಮನೆಯವರೂ ಗೋಡೆಯ ಮೇಲಿಂದ ಕೈ ಚಾಚಿ ಇಸಿದುಕೊಂಡು ಊದಿ ಕೊಟ್ಟರು.

ನಾನು ಎಲ್ಲರನ್ನೂ ದೂರ ನಿಲ್ಲಿಸಿದೆ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕ್ಯಾಸೆಟ್ಟಿನ ಅಂಚಿನ ಹಿತ್ತಾಳೆಯಂಥ ಹಲ್ಲುಗಳನ್ನು ಒಂದೊಂದಾಗಿ ಒರೆಸಿದೆ. ಒಣಗಲು ಬಿಟ್ಟು ಸಿಕ್ಕಿಸಿದೆ. ಕಂಪ್ಯೂಟರು ತಕ್ಷಣ ಗುರುತಿಸಿತು.

ತಂಗಿಯ ಗಂಡ ತೊಡೆ ತಟ್ಟಿಕೊಂಡ. "ನೋಡ್ರಿ! ನಾ ಊದಿದ್ದು ಈಗ ಹತ್ತಿತು!"

ದೇವರ ಫೋಲ್ಡರು

ಇಷ್ಟಾದರೂ ಆಟ ಏಳಲಿಲ್ಲ. ಅಗತ್ಯವಾದ ಫೈಲು ಸಿಗುತ್ತಿಲ್ಲವೆಂದು ಬರೆದು ಮುಚ್ಚಿಕೊಳ್ಳುತ್ತಿತ್ತು. ಆ ಉತ್ಸಾಹಿಗಳು ಪರಸ್ಪರ ಮಾತಾಡಿಕೊಳ್ಳುವ ತಾಣವೊಂದಿತ್ತು. ಇಂಗ್ಲಿಷಿನಲ್ಲಿ ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಮಾನ್ಯರೇ ಎಂದು ಆರಂಭಿಸಿ, ಸಹೋದರಿಯ ಬೆರಳುಗಳ ಸ್ಥಿತಿಯನ್ನು ವಿವರಿಸಿ, ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಂಡಿದ್ದಕ್ಕೆ ಕ್ಷಮೆ ಕೋರಿ ಮುಗಿಸಿದೆ.

ಉತ್ತರ ಬಂತು: "ಬ್ರೋ, ಫೈಲು ಎಲ್ಲಿಟ್ಟಿದ್ದೀ?"

ತಂಗಿಯ ಗಂಡನನ್ನು ವಿಚಾರಿಸಿದೆ. ಆ ಮನೆಯಲ್ಲಿ ಹೊಸ ವಸ್ತು ಏನೇ ಬಂದರೂ ಮೊದಲು ದೇವರ ಮುಂದಿಟ್ಟು ಆಮೇಲೆ ಬಳಸುವುದು ಪದ್ಧತಿ. ಸೀರೆಯಾದರೂ ಅಷ್ಟೇ, ಮಿಕ್ಸರ್ ಆದರೂ ಅಷ್ಟೇ. ಕಂಪ್ಯೂಟರಿನಲ್ಲಿ ಅವನು ದೇವರ ಫೋಟೋಗಳಿಗಾಗಿ ಒಂದು ಫೋಲ್ಡರು ಮಾಡಿದ್ದ. ಕ್ಯಾಸೆಟ್ಟಿನಿಂದ ಇಳಿದ ಫೈಲನ್ನು ಅದರೊಳಗೆ ಇಟ್ಟಿದ್ದ.

"ಸೋಮವಾರತನಕ ಅಲ್ಲೇ ಇರ್ಲಿ ಬಿಡ್ರಿ," ಎಂದ.

ಇದ್ದದ್ದನ್ನು ಇದ್ದಂತೆ ಬರೆದೆ. ಉತ್ತರ: "ಬ್ರೋ, ದೇವರ ಹತ್ತಿರದಿಂದ ತೆಗೆದು ಆಟದ ಹತ್ತಿರ ಇಡು."

ಇಟ್ಟೆವು. ಆಟ ಎದ್ದಿತು. ಸಂಗೀತ ಕೇಳಿ ತಂಗಿ ಅಡುಗೆಮನೆಯಿಂದ ಓಡಿ ಬಂದಳು. ನಾನು ಧನ್ಯವಾದ ತಿಳಿಸಿ, ನಾನು ನಿವೃತ್ತ ಮುಖ್ಯೋಪಾಧ್ಯಾಯಿನಿಯೆಂದೂ, ನನ್ನನ್ನು ಹಾಗೆ ಸಂಬೋಧಿಸುವುದು ಉಚಿತವಲ್ಲವೆಂದೂ ಬರೆದೆ.

ಒಡನೆಯೇ ಉತ್ತರ ಬಂತು: "ಕ್ಷಮಿಸು ಬ್ರೋ."

ದಯೆ

ಕಂಪ್ಯೂಟರಿಗೆ ಸಿಕ್ಕಿಸಿದ ಗುಂಡಿಗಳ ಹಿಡಿಕೆಯೊಂದನ್ನು ಹಿಡಿದು ತಂಗಿ ಆಡತೊಡಗಿದಳು. ಮೊದಮೊದಲು ಗುಂಡಿ ಒತ್ತಲು ಹಲ್ಲು ಕಚ್ಚುತ್ತಿದ್ದಳು. ದಿನ ಕಳೆದಂತೆ ಬೆರಳುಗಳು ಬಾಗಿದವು. ಫಿಜಿಯೋಥೆರಪಿಯ ಹುಡುಗಿಗೇ ಆಶ್ಚರ್ಯವಾಯಿತು. ಕಾರಣವೂ ಗೊತ್ತಾಯಿತು. ಆ ಆಟದಲ್ಲಿ ಎದುರಿಗೆ ಬಂದ ಪ್ರಾಣಿಯನ್ನು ಒಮ್ಮೆ ತುಳಿದರೆ ದಾರಿ ಸಲೀಸು. ನನ್ನ ತಂಗಿ ನಿತ್ಯ ಲಿಂಗಪೂಜೆ ಮಾಡುವವಳು. ಅವಳು ಒಂದನ್ನೂ ತುಳಿಯುತ್ತಿರಲಿಲ್ಲ. ಎಲ್ಲವನ್ನೂ ಹಾರಿಕೊಂಡು, ಹಿಂದೆ ಸರಿದು, ದಾರಿ ಬಿಟ್ಟು, ಮತ್ತೆ ಹಾರಿ ಮುಂದೆ ಹೋಗುತ್ತಿದ್ದಳು. ಬೇರೆಯವರಿಗಿಂತ ದುಪ್ಪಟ್ಟು ಗುಂಡಿ ಒತ್ತುತ್ತಿದ್ದಳು.

"ಅದನ್ನ ತುಳೀ! ತುಳೀ!" ಎಂದು ಗಂಡ ಹಿಂದಿನಿಂದ ಕೂಗುತ್ತಿದ್ದ.

"ಯಾಕ? ಅದೇನ್ ಮಾಡೈತಿ ನಿಮಗ? ಏಡಿ ಪಾಪ, ತನ್ನ ಪಾಡಿಗೆ ತಾ ಹೊಂಟೈತಿ."

"ಕಡೇ ಕೋಟ್ಯಾಗ ರಾಕ್ಷಸ ಅದಾನ. ಅಂವನ್ನೂ ಬಿಡ್ತಿ?"

"ಅಂವಗೂ ಹೆಂಡ್ರು ಮಕ್ಕಳು ಇರ್ತಾರ. ಮಾತಾಡಿ ನೋಡೂಣು."

ಗಂಡ ನನ್ನ ಕಡೆ ತಿರುಗಿದ. "ನೋಡ್ರಿ ಅಕ್ಕಾರ. ಈ ದಯಾದಾಗ ಒಂದು ಚೂರು ಆ ಕೋತಿಗೆ ತೋರಿಸಿದ್ರ ಕೈಯರ ಉಳೀತಿತ್ತು."

ಸ್ವಚ್ಛತೆ

ಕೊನೆಯ ಕೋಟೆಯ ಬಾಗಿಲಿಗೆ ಅವಳು ಬಂದು ನಿಂತಳು. ಬೆರಳುಗಳೂ ಹಾಗೆಯೇ ನಿಂತಿದ್ದವು. ಉಳಿದುದೆಲ್ಲ ಸರಿಹೋಗಿತ್ತು, ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಮಾತ್ರ, ನಡುವೆ ಒಂದು ಜೋಳದ ಕಾಳಿನಷ್ಟು ಅಂತರ ಬಿಟ್ಟು, ಹಟ ಹಿಡಿದಿದ್ದವು. ಅಷ್ಟು ಅಂತರವಿದ್ದರೆ ಎಳೆ ನಿಲ್ಲುವುದಿಲ್ಲ. ಮುಂದಿನ ಸಲ ಬಂದಾಗಲೂ ಹೀಗೇ ಇದ್ದರೆ ಇನ್ನು ಆಸೆ ಬಿಡಬೇಕೆಂದು ಫಿಜಿಯೋಥೆರಪಿಯ ಹುಡುಗಿ ನನಗೆ ಹೇಳಿ ಹೋಗಿದ್ದಳು. ತಂಗಿ ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಿದ್ದಳು.

ಆ ಹುಡುಗಿ ಬರುವ ದಿನ ತಂಗಿಯ ಗಂಡ ಮುಂಜಾನೆ ಎದ್ದು ಮನೆಯನ್ನೆಲ್ಲ ಗುಡಿಸಿ ಒರೆಸಿದ. ಹುಡುಗಿ ಬಂದಳು. ಎಲ್ಲರೂ ಸುತ್ತ ಕುಳಿತೆವು. ಅವಳೆದುರಿಗೇ ಕೋಟೆಯನ್ನು ಗೆಲ್ಲುವೆನೆಂದು ತಂಗಿ ಆಟ ತೆರೆದಳು. ಪರದೆಯ ಮೇಲೆ ವೀರ ಮೊಟ್ಟಮೊದಲ ಹೊಂಡದ ಮುಂದೆ, ಇಂದೇ ಹುಟ್ಟಿದವನಂತೆ ನಿಂತಿದ್ದ.

"ನನ್ನ ಕೋಟಿ ಎಲ್ಲಿ?"

"ಮಂದಿ ಬರ್ತಾರಂತ ಕಂಪ್ಯೂಟರನೂ ಸ್ವಚ್ಛ ಮಾಡೇನಿ," ಎಂದ ಗಂಡ, ಹೆಮ್ಮೆಯಿಂದ. "‘ಸೇವ್’ ಅಂತ ಯಾವದೋ ಹಳೇ ಫೈಲ್ ಬಿದ್ದಿತ್ತು. ತೆಗೆದ ಒಗದೆ. ಕಸದ ಬುಟ್ಟೀನೂ ಖಾಲಿ ಮಾಡೇನಿ."

ತಂಗಿ ಕೋಟೆಯವರೆಗೆ ಬಂದ ಲೆಕ್ಕವೆಲ್ಲ ಇದ್ದದ್ದು ಆ ಫೈಲಿನಲ್ಲಿ. ತಂಗಿ ಕೈಯಲ್ಲಿದ್ದ ಹಿಡಿಕೆಯನ್ನು ಮೆಲ್ಲಗೆ ಕೆಳಗಿಟ್ಟಳು. ಬಲಗೈ ಚಾಚಿದಳು. ಹೆಬ್ಬೆರಳು ಗಂಡನ ಕಿವಿಯ ಈಚೆಗೆ ಹೋಯಿತು, ತೋರುಬೆರಳು ಆಚೆಗೆ. ನಂತರ ತಿರುವಿದಳು.

"ಅಯ್ಯಯ್ಯೋ ಯಪ್ಪಾ!"

ಹುಡುಗಿ ಕುರ್ಚಿಯಿಂದ ಜಿಗಿದೆದ್ದಳು. "ಹತ್ತಿದ್ವು! ಕಾಕೂ, ತುದಿಗೆ ತುದಿ ಹತ್ತಿದ್ವು! ಬಿಡಬ್ಯಾಡ್ರಿ!"

"ನಾ ಎಲ್ಲಿ ಬಿಡ್ತೇನಿ?"

"ನನ್ನ ಕಿವಿ ನಡುವ ಐತಲ್ರಿ! ಹೆಂಗ ಹತ್ತಿದ್ವು ಅಂತೀರಿ?" ಎಂದು ಗಂಡ ಕೂಗಿದ.

ಹುಡುಗಿ ಬಗ್ಗಿ, ಕಣ್ಣು ಕಿರಿದು ಮಾಡಿ ಪರೀಕ್ಷಿಸಿದಳು. "ಕಿವಿ ಭಾಳ ತೆಳ್ಳಗ ಐತ್ರಿ ಕಾಕಾ. ಅದು ಲೆಕ್ಕಕ್ಕಿಲ್ಲ. ಕಾಕೂ, ಇನ್ನೊಂಚೂರು ತಿರುವ್ರಿ. ಹಾಂ. ಈ ವ್ಯಾಯಾಮ ಬಿಡಬ್ಯಾಡ್ರಿ, ದಿನಾ ಮುಂಜಾನಿ ಒಮ್ಮೆ, ಸಂಜೀಕೊಮ್ಮೆ ಮಾಡ್ರಿ."

ದಸರೆಗೆ ಮೊದಲೇ ತಂಗಿ ಮತ್ತೆ ಸೆರಗು ಜೋಡಿಸಲು ಕುಳಿತಳು. ಆದರೆ ಅಂದು ಹುಡುಗಿ ಹೊಸ್ತಿಲು ದಾಟುವಾಗ ಹಿಂದಿರುಗಿ ಹೇಳಿದ ಮಾತನ್ನೂ ದಾಖಲಿಸಬೇಕು:

"ಒಂದ ಕಿವಿ ಹಿಡೀಬ್ಯಾಡ್ರಿ ಕಾಕೂ, ಬಾವು ಬರ್ತೈತಿ. ಅದಲು ಬದಲು ಮಾಡ್ರಿ."

ಅಲ್ಲಿ ಹಾಜರಿದ್ದವರು: ನನ್ನ ತಂಗಿ ಶಾಂತವ್ವ, ಅವಳ ಗಂಡ ಈರಣ್ಣ, ಎರಡೂ ಕಿವಿಗಳ ಸಮೇತ, ಫಿಜಿಯೋಥೆರಪಿಯ ರುಕ್ಸಾನಾ, ನೇಕಾರ ಹನಮಂತಪ್ಪ, ಮತ್ತು ನಗದೆ ಕುಳಿತಿದ್ದ ನಾನು, ಸುಶೀಲಾ.