ಸಂದರ್ಶನಕ್ಕೆ ಅತ್ತೆಯ ತಾಲೀಮು

ನನ್ನ ಸೋದರತ್ತೆ ವಿಶ್ವವಿದ್ಯಾಲಯವನ್ನು ಗಂಡಿನ ಮನೆ ಎಂದುಕೊಂಡಿದ್ದಳು. ನಂಬುವುದಿಲ್ಲವೆ? ಯಾರು ಯಾವಾಗ ಏನೆಂದರು ಎಂಬುದನ್ನು ನಾನು ಹಿಂದುಮುಂದು ಮಾಡಿರಬಹುದು. ನೆನಪನ್ನು ಅಷ್ಟಾಗಿ ನಂಬುವವಳಲ್ಲ ನಾನು. ಆದರೆ ಸಿಟ್ಟು ಬಂದದ್ದು ಮಾತ್ರ ನಿಜ. ಈಗ ಬರೆಯುವಾಗಲೂ ಬರುತ್ತಿದೆ.

ಸುರಪುರದ ಆಚೆಗಿನ ನಮ್ಮ ಊರಿಗೆ ಕಾಲುವೆ ಬಂದು ಒಂದೆರಡು ಬೆಳೆಯಾಗಿತ್ತು. ಎಂ.ಎ. ಅರ್ಥಶಾಸ್ತ್ರದ ಸೀಟಿಗೆ ನನಗೆ ಸಂದರ್ಶನದ ಕರೆ ಬಂತು. ಸೀಟು ಸಿಕ್ಕರೆ ಕಲಬುರಗಿಯ ಹಾಸ್ಟೆಲು, ಸಿಗದಿದ್ದರೆ ಶಹಾಪುರದ ಗೊಬ್ಬರದಂಗಡಿಯ ಹುಡುಗ. ಇದು ಅಪ್ಪನ ತೀರ್ಮಾನ. ನಾನು ಪಂಚವಾರ್ಷಿಕ ಯೋಜನೆಗಳನ್ನು ಉರುಹೊಡೆಯುತ್ತ ಕುಳಿತಿದ್ದರೆ, ನಮ್ಮ ಮನೆಯಲ್ಲೇ ಇದ್ದ ಅತ್ತೆ ಪುಸ್ತಕ ಕಿತ್ತುಕೊಂಡಳು.

"ಇದನ್ನ ಯಾರು ಕೇಳ್ತಾರ? ನಾಕು ಮಂದಿ ಗಂಡಸರು ಕುಂತು ನಿನ್ನ ಕರದು ನೋಡ್ತಾರ, ಹೌದಿಲ್ಲೋ? ಏಳು, ನಡದು ತೋರಸು."

"ಅತ್ತಿ, ಇದು ಕನ್ಯಾ ನೋಡೂದಲ್ಲ."

"ಮತ್ತ ನಾಕು ಮಂದಿ ಯಾತಕ್ಕ?"

ಇದಕ್ಕೆ ನೀವಾದರೂ ಏನು ಉತ್ತರ ಕೊಡುತ್ತೀರಿ? ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ ನಡೆದೆ. ಧಪಧಪ ನಡೆದರೆ ಗಯ್ಯಾಳಿ ಎನ್ನುತ್ತಾರಂತೆ, ಮೆಲ್ಲಗೆ ನಡೆದರೆ ಕಾಲಿನಲ್ಲಿ ಐಬು ಹುಡುಕುತ್ತಾರಂತೆ. ಮಾತು ಕಡಿಮೆ ಇರಬೇಕು, ಹಲ್ಲು ಕಾಣಬಾರದು. ಸೂಜಿಗೆ ದಾರವನ್ನೂ ಪೋಣಿಸಿದೆ, ಕಣ್ಣು ಮಂದ ಎಂದು ಯಾರೂ ಅನ್ನಬಾರದಂತೆ!

"ಮೊದಲ ಕಾಲುವಿ ಹೊಲ ಐತಿ ಅಂತ ಹೇಳು. ಇಲ್ಲಾಂದ್ರ ಮಳಿ ನಂಬಿದ ಮನಿತನ ಅಂದ್ಕೊಂಡಾರು."

"ಅವರೇನು ನಮ್ಮ ಹೊಲದಾಗ ಬಿತ್ತಾಕ ಬರ್ತಾರೇನು?"

"ಈ ಬಾಯಿಗೇ ಬ್ಯಾಡ ಅಂತಾರ, ನೋಡ್ಕೋತ ಇರು."

ಹಲ್ಲು ಕಡಿಯುತ್ತ ಕಲಬುರಗಿಗೆ ಹೋದೆ. ಒಳಗೆ ನಾಲ್ವರು ಗಂಡಸರು! ಯೋಜನೆಗಳ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದ ಮೇಲೆ, ನಡುವೆ ಕುಳಿತವರು ಕನ್ನಡಕ ಒರೆಸುತ್ತ, "ಮದುವೆ ಗೊತ್ತಾಗಿದೆಯೇನಮ್ಮ? ಅರ್ಧಕ್ಕೆ ಬಿಟ್ಟು ಹೋಗುವವರಿಗೆ ಸೀಟು ಕೊಟ್ಟು ಏನು ಮಾಡೋದು?" ಎಂದರು. ಪಕ್ಕದವರು, "ಅಡುಗೆಯಾದರೂ ಬರುತ್ತೋ?" ಎಂದು ನಕ್ಕರು. ಮೈಯೆಲ್ಲ ಉರಿಯಿತು. ಅವರ ಮೇಲೋ, ಅವರನ್ನು ಮನೆಯಲ್ಲಿ ಕುಳಿತೇ ಅಳೆದಿದ್ದ ಅತ್ತೆಯ ಮೇಲೋ, ಗೊತ್ತಾಗಲಿಲ್ಲ.

"ಅರ್ಥಶಾಸ್ತ್ರದ್ದು ಕೇಳೂದಿದ್ರ ಕೇಳ್ರಿ" ಎಂದೆ. ಹಲ್ಲು ಕಂಡಿರಬೇಕು.

ಸಂಜೆ, ನಾನು ಬಸ್ಸು ಬದಲಿಸಬೇಕಿದ್ದ ಶಹಾಪುರದ ನಿಲ್ದಾಣಕ್ಕೇ ಬಂದು ಅತ್ತೆ ಕಾಯುತ್ತಿದ್ದಳು.

"ಏನಂದ್ರು?"

"ತಿಳಿಸ್ತೀವಿ ಅಂದ್ರು."

ಬೈಗುಳಕ್ಕೆ ಸಿದ್ಧಳಾಗಿದ್ದೆ. ಬೈಯಲಿಲ್ಲ. ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಬಾಳೆಹಣ್ಣು ಸುಲಿದು ಕೈಗಿಟ್ಟು, "ಹೋಗ್ಲಿ ಬಿಡು. ದಾರಿ ಕಾಯಬ್ಯಾಡ ಯವ್ವಾ" ಎಂದಳು. ಅಪಶಕುನ ನುಡಿಯುತ್ತಾಳೆ ಎಂದು ಊರು ಮುಟ್ಟುವವರೆಗೂ ನಾನು ಅವಳೊಡನೆ ಮಾತಾಡಲಿಲ್ಲ.

ಕೆಲವು ವಾರಗಳ ಮೇಲೆ ಸೀಟು ಸಿಕ್ಕಿದೆ ಎಂದು ಪತ್ರ ಬಂತು. ಅಪ್ಪ ಜೋರಾಗಿ ಓದಿದ. ಅತ್ತೆ ಇನ್ನೊಮ್ಮೆ ಓದಿಸಿದಳು. ಆಮೇಲೆ ನನ್ನತ್ತ ತಿರುಗಿ, ದನಿ ತಗ್ಗಿಸಿ ಕೇಳಿದಳು: "ತಿಳಿಸ್ತೀವಿ ಅಂದವರು ಖರೇನ ತಿಳಿಸ್ತಾರೇನು?"

ಅತ್ತೆ ಮದುವೆಯಿಲ್ಲದೆ ಉಳಿದವಳು. ನನ್ನ ಸಿಟ್ಟು ಇಳಿಯಲಿಲ್ಲ. ಅವಳನ್ನು ಬಿಟ್ಟು, ನಾನು ಕಾಣದ ಯಾರ್ಯಾರದೋ ಮನೆಗಳ ಕಡೆ ಹೊರಟಿತು. ಅವಳ ಕೈ ಹಿಡಿದು ಕೇಳಿದೆ:

"ಅತ್ತಿ, ನಿನ್ನ ನಡಿಸಿ ನೋಡಿ, ತಿಳಿಸ್ತೀವಿ ಅಂತ ಹೇಳಿ ಹೋದವರು ಎಷ್ಟು ಮಂದಿ?"