ಅತ್ತೆಯ ಫೋನಿನಲ್ಲಿ ಬಾಡಿಗೆದಾರರಿಗೆ ಜಾಗವಿಲ್ಲ

ನಮ್ಮ ಅತ್ತೆಯ ಮನೆಗೆ ಹೋಗುವವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಚಿಂತೆ ಮಾಡಬೇಕಾಗಿಲ್ಲ. ಚಿಂತೆ ಮಾಡಬೇಕಾದದ್ದು ಕೈಯಲ್ಲಿರುವ ಫೋನಿನದು! ಒಳಗೆ ಹೋಗುವಾಗ ಮೈತುಂಬ ಆಪ್ ಹೊತ್ತುಕೊಂಡಿದ್ದ ಫೋನು, ನಾವು ಚಹಾ ಕುಡಿದು ಹೊರಬೀಳುವಷ್ಟರಲ್ಲಿ ತಿರುಪತಿಗೆ ಹೋಗಿ ಬಂದ ತಲೆಯಂತೆ ನುಣ್ಣಗಾಗಿರುತ್ತದೆ. ಹಾಗಂತ ಅತ್ತೆ ಕೇಳದೆ ತೆಗೆಯುವವಳಲ್ಲ. ಒಂದೊಂದರ ಮೇಲೂ ಬೆರಳಿಟ್ಟು, "ಇದನ್ನ ನೀ ಹಾಕಿದ್ದೇನು?" ಎಂದು ಕೇಳುತ್ತಾಳೆ. ಮೂಡಲಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಆ ದನಿಗೆ ಸುಳ್ಳು ಹೇಳಿ ಉಳಿದುಕೊಂಡ ಪ್ರಾಣಿ ಆ ಊರಿನಲ್ಲಿಲ್ಲ. ಇಲ್ಲ ಎಂದರೆ ಮುಗಿಯಿತು, ಆಪ್ ಹೋಯಿತು.

ಈಕೆ ನನ್ನ ತಂದೆಯ ತಂಗಿ. ಗಂಡ, ಅಂದರೆ ನಮ್ಮ ಮಾವ, ಮೂಡಲಗಿಯಲ್ಲಿ ದನಗಳ ಹಿಂಡಿಯ ಅಂಗಡಿ ಇಟ್ಟುಕೊಂಡಿರುವ ಶಾಂತ ಮನುಷ್ಯ. ಈ ಯುದ್ಧ ಶುರುವಾಗುವ ಮೊದಲು ಇನ್ನೂ ಶಾಂತವಾಗಿದ್ದನಂತೆ.

ಯುದ್ಧ ಶುರುವಾದದ್ದು ಗೋಕಾಕದ ಪೇಟೆಯಲ್ಲಿ. ಅತ್ತೆ ಅಲ್ಲಿ ಒಂದು ಹೊಸ ಫೋನು ಕೊಂಡಳು. ಮನೆಗೆ ಬಂದು ತೆರೆದರೆ ಒಳಗೆ ಇಸ್ಪೀಟು ಆಟದ ಆಪ್ ಒಂದು ಕಾಲು ಚಾಚಿಕೊಂಡು ಕೂತಿದೆ! ಜೀವನವಿಡೀ ಹುಡುಗರ ಬ್ಯಾಗಿನಿಂದ ಇಸ್ಪೀಟೆಲೆ ಕಿತ್ತುಕೊಂಡವಳ ಫೋನಿನಲ್ಲಿ ಇಸ್ಪೀಟು! ತೆಗೆಯಲು ನೋಡಿದಳು. 'ತೆಗೆದುಹಾಕಿ' ಎಂಬ ಗುಂಡಿಯೇ ಇಲ್ಲ. ಇದ್ದದ್ದು 'ನಿಷ್ಕ್ರಿಯಗೊಳಿಸಿ' ಎಂಬುದೊಂದೇ. ಮರುದಿನ ಗೋಕಾಕದಲ್ಲೇ ಇರುವ ನನ್ನನ್ನೂ ಕರೆದುಕೊಂಡು ಅದೇ ಅಂಗಡಿಗೆ ಹೋದಳು. ಅಂಗಡಿಯವನು ಅವಳ ಹಳೆಯ ವಿದ್ಯಾರ್ಥಿ. ಎದ್ದು ನಿಂತು, ಅದು ಕಂಪನಿಯವರೇ ಹಾಕಿದ್ದು, ಹೋಗುವುದಿಲ್ಲ, ಬೇಕಾದರೆ ಮಲಗಿಸಬಹುದು ಎಂದು ವಿನಯದಿಂದ ವಿವರಿಸಿದ.

"ನಾ ಒಂದ ಮನಿ ಖರೀದಿ ಮಾಡೇನಿ ಅಂತ ತಿಳ್ಕೊ," ಎಂದಳು ಅತ್ತೆ. "ಮಾರಿದಾಂವ ತನ್ನ ಅಳಿಯನ್ನ ನಡುಮನ್ಯಾಗ ಬಿಟ್ಟ ಹೋಗ್ಯಾನ. ಹೊರಗ ಹಾಕಪಾ ಅಂದ್ರ, ಹೋಗಂಗಿಲ್ಲರಿ, ಮಲಗಸ್ರಿ ಅಂತಿ. ಮಲಗಿದ್ರೂ ಜಾಗಾ ಅಂವನ ಹಿಡದಿರತಾನಲ್ಲ?"

ಅಂಗಡಿಯವನು ತಲೆ ತಗ್ಗಿಸಿದ. ಲೆಕ್ಕ ತಪ್ಪಿದಾಗ ಹೈಸ್ಕೂಲಿನಲ್ಲೂ ಹೀಗೇ ತಗ್ಗಿಸುತ್ತಿದ್ದಿರಬೇಕು.

ಅಂದಿನಿಂದ ಅತ್ತೆ ಓದಲು ಕೂತಳು. ಫೋನನ್ನು ನಾವು ದುಡ್ಡು ಕೊಟ್ಟು ತಂದರೂ ಅದರ ಒಳಮನೆಯ ಕೀಲಿ ಕಂಪನಿಯ ಹತ್ತಿರವೇ ಇರುತ್ತದೆ, ಆ ಬೀಗ ಮುರಿದು ನಾವೇ ಯಜಮಾನರಾಗುವುದಕ್ಕೆ 'ರೂಟ್' ಮಾಡುವುದು ಎನ್ನುತ್ತಾರೆ ಎಂದು ತಿಳಿದುಕೊಂಡಳು. ರೂಟ್ ಎಂದರೆ ಬೇರು, ಬೇರಿಗೆ ಕೈ ಹಾಕಿದರೆ ಗಿಡ ಉಳಿಯುತ್ತದೆಯೇ ಎಂದು ಮಾವ ಕೇಳಿದ್ದಕ್ಕೆ, ಹಿಂಡಿಯ ಅಂಗಡಿಯವರು ಗಿಡದ ಚಿಂತೆ ಮಾಡಬಾರದು ಎಂಬ ಉತ್ತರ ಬಂತು. ಹಳೆಯ ಲ್ಯಾಪ್‌ಟಾಪಿಗೆ ವೈರು ಚುಚ್ಚಿ, ಕನ್ನಡಕ ಏರಿಸಿ ಕೂತಳು. ವಾರಂಟಿ ಹೋಗುತ್ತದೆ, ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಫೋನು ಸತ್ತರೆ ನಾವು ಹೊಣೆಯಲ್ಲ ಎಂದು ಪರದೆಯ ಮೇಲೆ ಎಚ್ಚರಿಕೆ ಮೂಡಿತು. ನಾವೆಲ್ಲ ಇಂಥವನ್ನು ಓದದೆ ಒಪ್ಪಿಗೆ ಒತ್ತುತ್ತೇವಲ್ಲ? ಅತ್ತೆ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಓದಿ, ಆಮೇಲೆ ಒತ್ತಿದಳು. ಅಷ್ಟೇ ವ್ಯತ್ಯಾಸ.

ಫೋನು ಬದುಕಿತು. ಇಸ್ಪೀಟು ಸತ್ತಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ! ಆದರೆ ಅಧಿಕಾರ ಕೈಗೆ ಬಂದ ಮೇಲೆ ಯಾರು ನಿಲ್ಲಿಸುತ್ತಾರೆ? 'ನಾ ಹಾಕಿದ್ದಲ್ಲ' ಎನಿಸಿದ್ದನ್ನೆಲ್ಲ ಅತ್ತೆ ಕಿತ್ತು ಎಸೆಯುತ್ತ ಹೋದಳು. ಆ ಭರದಲ್ಲಿ ಕೀಬೋರ್ಡೂ ಹೋಯಿತು. ಇನ್ನೊಂದು ಕೀಬೋರ್ಡ್ ಹಾಕಿಕೊಳ್ಳಬೇಕೆಂದರೆ ಅದರ ಹೆಸರು ಬರೆದು ಹುಡುಕಬೇಕು. ಬರೆಯಲು ಕೀಬೋರ್ಡ್ ಬೇಕು. ಗಣಿತದವಳಿಗೆ ಈ ಸಮಸ್ಯೆಯ ಸೊಗಸು ಹಿಡಿಸಿಬಿಟ್ಟು, ಬಿಡಿಸುವ ಬದಲು ಬಂದವರಿಗೆಲ್ಲ ತೋರಿಸುತ್ತ ಕೂತಳು. ಮತ್ತೊಂದು ಸಲ ಕರೆ ಮಾಡುವ ಆಪ್ ಅನ್ನೇ ತೆಗೆದಳು. ಕೆಲವು ದಿನ ಅವಳು ಯಾರಿಗೂ ಫೋನು ಮಾಡುವಂತಿರಲಿಲ್ಲ. ಅಂಗಡಿಯಲ್ಲಿ ಕೂತ ಮಾವ ಆ ದಿನಗಳನ್ನು ಈಗಲೂ ಪ್ರೀತಿಯಿಂದ ನೆನೆಯುತ್ತಾನೆ.

ಆಮೇಲೆ ಬ್ಯಾಂಕಿನ ಆಪ್ ಮುನಿಸಿಕೊಂಡಿತು. 'ಈ ಫೋನು ಸುರಕ್ಷಿತವಲ್ಲ' ಎಂದು ಹೇಳಿ ಬಾಗಿಲು ಹಾಕಿಕೊಂಡಿತು. ಅತ್ತೆ ಬ್ಯಾಂಕಿಗೇ ಹೋದಳು. ಅಲ್ಲಿನ ಅಧಿಕಾರಿ ಪಾಪ, ರೂಟ್ ಮಾಡಿದ ಫೋನಿನಲ್ಲಿ ಕಳ್ಳರು ನುಗ್ಗುವ ಭಯವಿರುತ್ತದೆ ಎಂದು ಸರಿಯಾಗಿಯೇ ತಿಳಿಸಿ ಹೇಳಿದ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: ಬೀಗದ ಕೀಲಿ ಕಂಪನಿಯ ಹತ್ತಿರ ಇದ್ದರೆ ಸುರಕ್ಷಿತ, ನನ್ನ ಹತ್ತಿರ ಇದ್ದರೆ ಅಸುರಕ್ಷಿತ, ಹಾಗಾದರೆ ಕಳ್ಳ ಯಾರು? ರೂಟ್ ಆದದ್ದು ಬ್ಯಾಂಕಿನ ಆಪಿಗೆ ಕಾಣದಂತೆ ಮುಚ್ಚಿಡುವ ಉಪಾಯಗಳೂ ಇವೆಯಂತೆ, ಅದನ್ನಾದರೂ ಮಾಡು ಎಂದು ನಾನು ಹೇಳಿ ನೋಡಿದೆ.

"ಮುಚ್ಚಿಡಾಕ ನಾ ಏನ ಕಳವು ಮಾಡೇನೇನು?" ಎಂದಳು.

ಅಂದಿನಿಂದ ಅತ್ತೆ ಚೀಟಿ ತುಂಬಿ, ಸರದಿಯಲ್ಲಿ ನಿಂತು ಹಣ ತೆಗೆಯುತ್ತಾಳೆ. ಹಿಂದೆ ಮುಂದೆ ನಿಂತವರ ಫೋನುಗಳನ್ನು ಅಲ್ಲಿಯೇ ಪರೀಕ್ಷಿಸುತ್ತಾಳೆ.

ಹೀಗೆ ಅವಳ ಹೆಸರು ಹಬ್ಬಿತು. ಸುತ್ತಲಿನ ಹಳ್ಳಿಗಳಾದ ತುಕ್ಕಾನಟ್ಟಿ, ಮೇಲವಂಕಿಯವರು ಹಿಂಡಿ ಒಯ್ಯಲು ಬಂದಾಗ ಫೋನನ್ನೂ ತರತೊಡಗಿದರು. ನಾವೆಲ್ಲ ನಕ್ಕೆವು. ನಗು ನಿಂತದ್ದು ಹುಕ್ಕೇರಿಯಲ್ಲಿ.

ಮಾವನ ತಮ್ಮನ ಮಗಳನ್ನು ಹುಕ್ಕೇರಿಗೆ ಕೊಟ್ಟಿದ್ದಾರೆ. ಮದುವೆಗೆ ಮುಂಚೆ ಮಾತು ನಿಲ್ಲಿಸದ ಹುಡುಗಿ. ಮದುವೆಯಾದ ಮೇಲೆ ಯಾವಾಗ ಫೋನು ಮಾಡಿದರೂ ಆರಾಮ, ಊಟ ಆಯಿತು, ಇಡಲೇನ್ರಿ, ಇಷ್ಟೇ. ಸಂಸಾರಸ್ಥಳಾದಳು ಎಂದು ಹಿರಿಯರು ಮೆಚ್ಚಿಕೊಂಡಿದ್ದರು. ಅವಳು ಬಸುರಿಯಾದಾಗ ಕುಬಸದ ಕಾರ್ಯಕ್ಕೆ ನಾವೆಲ್ಲ ಹೋದೆವು. ಹಸಿರು ಸೀರೆ, ಹಸಿರು ಬಳೆ ತೊಟ್ಟ ಹುಡುಗಿ ಅಡುಗೆಮನೆಯಲ್ಲಿ ನಮ್ಮ ಅತ್ತೆಯ ಪಕ್ಕಕ್ಕೆ ಬಂದು ನಿಂತಳು. ನಾನು ಅಲ್ಲೇ ಹೋಳಿಗೆ ಜೋಡಿಸುತ್ತಿದ್ದೆ.

"ದೊಡ್ಡವ್ವಾ, ತಗ್ಯಾಕ ಬರಲಾರದ್ದನ್ನೂ ನೀವು ತಗೀತೀರಂತಲ್ಲ, ಖರೆ ಏನ್ರಿ?" ಎಂದು ಮೆಲ್ಲಗೆ ಕೇಳಿದಳು.

ಅವಳ ಗಂಡ ಅವಳ ಫೋನಿನಲ್ಲಿ ಒಂದು ಆಪ್ ಹಾಕಿಟ್ಟಿದ್ದ. ಅವಳು ಯಾರ ಜೊತೆ ಮಾತಾಡಿದಳು, ಏನು ಬರೆದಳು, ಎಲ್ಲಿಗೆ ಹೋದಳು, ಎಲ್ಲವೂ ಅವನ ಫೋನಿನಲ್ಲಿ ಕಾಣುತ್ತಿತ್ತು. ತೆಗೆಯಬೇಕೆಂದರೆ ಅವನ ಪಾಸ್‌ವರ್ಡ್ ಬೇಕು. ತವರಿನವರ ಜೊತೆ ನಗುತ್ತ ಮಾತಾಡಿದ ದಿನ ಸಂಜೆ, ಅಷ್ಟು ನಗುವಂಥದ್ದು ಏನಿತ್ತು ಎಂಬ ವಿಚಾರಣೆ. ಆದ್ದರಿಂದ ನಗುವುದನ್ನೇ ಬಿಟ್ಟಿದ್ದಳು.

ಅತ್ತೆ ಕೈ ತೊಳೆದುಕೊಂಡಳು. ಇಲ್ಲೇ ಗುಟ್ಟಾಗಿ ಮುಗಿಸಿಬಿಡು ಎಂದು ನಾನು ಸನ್ನೆ ಮಾಡಿದೆ. ಅವಳು ಹುಡುಗಿಯ ಕೈ ಹಿಡಿದುಕೊಂಡು ನೇರ ಪಡಸಾಲೆಗೆ ನಡೆದಳು. ಅಲ್ಲಿ ಬೀಗರು, ನೆಂಟರು, ಅಳಿಯ, ಅಳಿಯನ ತಾಯಿ, ಎಲ್ಲರೂ ಕೂತಿದ್ದರು. ನಡುವೆ ಚಾಪೆಯ ಮೇಲೆ ಕೂತು ಅತ್ತೆ, ಈ ಫೋನಿನಲ್ಲಿ ಇವಳು ಹಾಕದ ಒಂದು ಆಪ್ ಇದೆ, ಅದನ್ನು ತೆಗೆಯುತ್ತಿದ್ದೇನೆ ಎಂದು ಪಾಠ ಶುರು ಮಾಡುವ ದನಿಯಲ್ಲಿ ಹೇಳಿದಳು.

ಅಳಿಯ ಕೂತಲ್ಲೇ ಅರ್ಧ ಎದ್ದ. "ಅಕಿ ಸುರಕ್ಷತೆ ಸಲುವಾಗಿ ಹಾಕೇನ್ರಿ, ಅತ್ತಿಯಾರ," ಎಂದ.

"ಹಂಗಾದ್ರ ನಿಮ್ಮ ಫೋನಿಗೂ ಒಂದ ಹಾಕೂಣ್ರಿ, ಅಳಿಯಾರ. ಅಕಿ ನಿಮ್ಮನ್ನ ನೋಡಕೊಳ್ಳಲಿ. ನಿಮ್ಮ ಸುರಕ್ಷತೆಯ ಚಿಂತಿ ನಮಗ ಇಲ್ಲೇನ್ರಿ?"

ಯಾರೋ ನಕ್ಕು, ನಗು ನುಂಗಿಕೊಂಡರು. ಅತ್ತೆ ಹುಡುಗಿಯ ಕಡೆ ತಿರುಗಿ, "ತಗೀಲೇನು? ನೀ ಹೇಳಬೇಕು, ನಾ ಅಲ್ಲ," ಎಂದಳು.

ಹುಡುಗಿ ಗಂಡನನ್ನು ನೋಡಿದಳು, ನೆಲ ನೋಡಿದಳು. ಬೇಡ ಎಂದರೆ ಏನು ಗತಿ? ಬೇಡ ಎಂದಿದ್ದರೆ ಅತ್ತೆ ಫೋನನ್ನು ವಾಪಸು ಕೊಟ್ಟುಬಿಡುತ್ತಿದ್ದಳು, ಅದು ನನಗೆ ಗೊತ್ತು.

"ತಗೀರಿ," ಎಂದಳು ಹುಡುಗಿ.

ಫೋನನ್ನು ಆರಿಸಿ, ಹೊರಗಿನಿಂದ ಬಂದ ಆಪುಗಳೆಲ್ಲ ಮಲಗಿರುವಂತೆಯೇ ಫೋನನ್ನಷ್ಟೇ ಎಬ್ಬಿಸುವ ಒಂದು ವಿಧಾನವಿದೆ. ಅತ್ತೆ ಹಾಗೆ ಎಬ್ಬಿಸಿ, ನಿದ್ದೆಯಲ್ಲಿದ್ದ ಆ ಕಾವಲುಗಾರನ ಅಧಿಕಾರ ಕಿತ್ತುಕೊಂಡು, ಹೊರಗೆ ಹಾಕಿದಳು. ವಿಳ್ಳೆ ಮಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಅಳಿಯ ಎದ್ದು ಹೊರಗೆ ಹೋದ. ಇನ್ನು ಅಳಿಯನ ತಾಯಿ, ನಮ್ಮ ಬೀಗತಿ, ಏನೆನ್ನುತ್ತಾಳೋ, ಉಣ್ಣದೆ ಊರಿಗೆ ಮರಳಬೇಕೋ ಎಂದು ನಾವೆಲ್ಲ ಅವಳ ಮುಖ ನೋಡಿದೆವು. ಆಕೆ ಸೆರಗು ಸರಿಮಾಡಿಕೊಂಡು ಹತ್ತಿರ ಬಂದು, ಸೊಂಟದ ಚೀಲದಿಂದ ತನ್ನ ಫೋನು ತೆಗೆದು ಅತ್ತೆಯ ಮುಂದೆ ಹಿಡಿದಳು.

"ಇದರಾಗೂ ಏನರ ಹಾಕ್ಯಾನೇನ ನೋಡ್ರಿ," ಎಂದಳು.

ಹಾಕಿದ್ದ!

ಆ ದಿನ ನಾವು ಉಂಡೇ ಬಂದೆವು. ಬಡಿಸಿದವಳು ಬೀಗತಿಯೇ. ಅಳಿಯ ಒಂದೇ ದಿನದಲ್ಲಿ ಬದಲಾದ ಎಂದು ನಾನು ಹೇಳುವುದಿಲ್ಲ. ತಿಂಗಳುಗಟ್ಟಲೆ ಅತ್ತೆಯ ಹೆಸರು ಹೇಳಿದರೆ ಎದ್ದುಹೋಗುತ್ತಿದ್ದನಂತೆ. ಹಿರಿಯರಲ್ಲಿ ಕೆಲವರು, ಗಂಡಹೆಂಡಿರ ನಡುವೆ ಕೈ ಹಾಕಬಾರದಿತ್ತು ಎಂದು ಮಾವನ ಮೂಲಕ ಹೇಳಿ ಕಳಿಸಿದರು. ಕೈ ಹಾಕಿದ್ದು ಗಂಡಹೆಂಡಿರ ನಡುವೆ ಅಲ್ಲ, ಫೋನಿಗೆ ಎಂದು ಅತ್ತೆ ಮಾವನ ಮೂಲಕವೇ ಹೇಳಿ ಕಳಿಸಿದಳು. ಆಪ್ ಮಾತ್ರ ಮತ್ತೆ ಬರಲಿಲ್ಲ. ಮನೆಯಲ್ಲಿ ಈಗ ಕಾವಲಿಗೆ ಬೀಗತಿ ಇದ್ದಾಳಲ್ಲ! ಹುಡುಗಿ ಮಗಳನ್ನು ಹೆತ್ತು, ಈಗ ದಿನವೂ ವಿಡಿಯೊ ಕಾಲ್ ಮಾಡಿ ಗಂಟೆಗಟ್ಟಲೆ ಮಾತಾಡುತ್ತಾಳೆ. ಇವಳ ಬಾಯಿಗೂ ಒಂದು ಆಪ್ ಬೇಕಿತ್ತು ಎಂದು ಮಾವ ಗೊಣಗುತ್ತಾನೆ. ಗೊಣಗುತ್ತಲೇ ಕ್ಯಾಮೆರಾದ ಎದುರು ಬಂದು ಕೂರುತ್ತಾನೆ.

ಆ ಕೂಸನ್ನು ನೋಡಲು ಅತ್ತೆ ಕಳೆದ ಕಬ್ಬಿನ ಹಂಗಾಮಿನಲ್ಲಿ ಒಬ್ಬಳೇ ಸ್ಕೂಟಿ ಹತ್ತಿ ಹೊರಟಳು. ಧುಪದಾಳದ ಹತ್ತಿರ, ಕಬ್ಬಿನ ಟ್ರ್ಯಾಕ್ಟರುಗಳು ಉದುರಿಸಿದ ಹಸಿಮಣ್ಣಿನ ಮೇಲೆ ಗಾಲಿ ಜಾರಿತು. ಅತ್ತೆ ರಸ್ತೆಯ ಬದಿಗೆ, ಫೋನು ಕಾಲುವೆಗೆ. ಮುಂಗೈ ಮುರಿದಿತ್ತು, ಪಾದ ಊರಲು ಬರುತ್ತಿರಲಿಲ್ಲ. ಸುಡುವ ಮಧ್ಯಾಹ್ನ, ದಾರಿಯಲ್ಲಿ ನರಪಿಳ್ಳೆ ಇಲ್ಲ. ಬಹಳ ಹೊತ್ತಿನ ಮೇಲೆ ಹೊಲದಿಂದ ಬಂದ ಹೆಣ್ಣುಮಕ್ಕಳು ಅವಳನ್ನು ಘಟಪ್ರಭಾದ ದವಾಖಾನೆಗೆ ಸೇರಿಸಿ, ಅವಳು ಬಾಯಲ್ಲೇ ಹೇಳಿದ ನನ್ನ ನಂಬರಿಗೆ ಫೋನು ಮಾಡಿದರು. ಅಷ್ಟರಲ್ಲಿ ಇತ್ತ ಹುಕ್ಕೇರಿಯವರು ಬಂದಿಲ್ಲ ಎನ್ನುತ್ತಾರೆ, ಮೂಡಲಗಿಯಿಂದ ಹೊರಟಾಗಿದೆ, ಫೋನು ಹತ್ತುತ್ತಿಲ್ಲ. ಗೋಕಾಕದಲ್ಲಿ ನಾನು ಎರಡೂ ಊರಿಗೆ ಮತ್ತೆ ಮತ್ತೆ ಫೋನು ಮಾಡುತ್ತಿದ್ದೆ.

ದವಾಖಾನೆಯಲ್ಲಿ ಅವಳ ಮಂಚದ ಪಕ್ಕ ಕೂತು ನಾನು ಧೈರ್ಯ ಮಾಡಿ ಹೇಳಿದೆ. ಹೊಸ ಫೋನು ತಂದಾಗ ಅದರಲ್ಲಿ ನೀನು ಎಲ್ಲಿದ್ದೀ ಎಂದು ನನಗೆ ಕಾಣುವ ಆಪ್ ಒಂದನ್ನು ಹಾಕಿಕೋ ಎಂದು. ಅತ್ತೆ ಕಣ್ಣು ಕೆಂಪಗೆ ಮಾಡಿದಳು. ಹುಕ್ಕೇರಿಯಲ್ಲಿ ಎಲ್ಲರ ಎದುರು ತೆಗೆದು ಬಿಸಾಕಿದ್ದನ್ನೇ ನನ್ನ ಫೋನಿನಲ್ಲಿ ಹಾಕು ಎನ್ನುತ್ತೀಯಾ ಎಂದಳು. ಹೊಸ ಫೋನು ಬಂತು, ಪ್ಲಾಸ್ಟರ್ ಹಾಕಿದ ಕೈಯಲ್ಲೇ ಅದನ್ನೂ ರೂಟ್ ಮಾಡಿದಳು. ನಾನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ವಾರ, ನಾನು ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಫೋನಿಗೆ ಒಂದು ಲಿಂಕ್ ಬಂತು. ಒತ್ತಿದೆ. ನಕಾಶೆ ತೆರೆಯಿತು. ಅದರ ಮೇಲೆ ಒಂದು ನೀಲಿ ಚುಕ್ಕೆ. ಅತ್ತೆ ಮೂಡಲಗಿಯ ತನ್ನ ಮನೆಯಲ್ಲಿ ಕೂತಿದ್ದಳು. ಅಲ್ಲೇ ನಿಂತು ಫೋನು ಮಾಡಿದೆ. ಏನೂ ಆಗಿಲ್ಲ, ಆರಾಮಿದ್ದೇನೆ ಎಂದಳು. ಹಾಗಾದರೆ ಇದೇನು ಎಂದು ಕೇಳಿದೆ.

"ಆವತ್ತ ರಸ್ತಾದಾಗ ಕುಂತಾಗ ಅಂಜಿಕಿ ಬಂದಿತ್ತ, ತಂಗಿ," ಎಂದಳು. "ಜೀವದ್ದಲ್ಲ. ನಾ ಊರ ಮುಟ್ಟೇನಿ ಅಂತ ಫೋನ್ ಮಾಡೂತನಕ ನಿಮ್ಮ ಮಾಮಾ ತಾಟಿನ ಮುಂದ ಕುಂದ್ರಂಗಿಲ್ಲ. ಹೇಳಂಗೂ ಇಲ್ಲ, ನಾ ತಿಳಕೊಂಡೇನಿ ಅನ್ನೂದೂ ಅವರಿಗಿ ಗೊತ್ತಿಲ್ಲ. ಹಸದ ಕುಂತಿರತಾರ, ಸಕ್ಕರಿ ಬ್ಯಾನಿ ಗುಳಿಗಿ ಬ್ಯಾರೆ ತಗೊಂಡಿರತಾರ, ಅಷ್ಟ ತಲ್ಯಾಗ ಬರಾಕತ್ತಿತ್ತ. ಇನ್ನ ಮ್ಯಾಲ ನನ್ನ ಫೋನ್ ಹತ್ತಲಿಲ್ಲ ಅಂದ್ರ ನೀ ನೋಡಿ ಅವರಿಗಿ ಒಂದ ಮಾತ ಹೇಳು. ಉಣ್ಣಲಿ."

ಅತ್ತೆ ಈಗಲೂ ಒಬ್ಬಳೇ ಸ್ಕೂಟಿ ಓಡಿಸುತ್ತಾಳೆ. ಇವತ್ತು ಹುಕ್ಕೇರಿಗೆ ಹೊರಟಿದ್ದಾಳೆ, ಕೂಸಿಗೆ ಹಲ್ಲು ಬಂದಿದೆಯಂತೆ. ನೀಲಿ ಚುಕ್ಕೆ ಧುಪದಾಳ ದಾಟುತ್ತಿದೆ. ನನ್ನ ತಾಟಿನಲ್ಲಿ ಬಡಿಸಿಟ್ಟ ರೊಟ್ಟಿ ಆರುತ್ತಿದೆ. ಇನ್ನು ಸ್ವಲ್ಪ ಹೊತ್ತು ಆರಲಿ.